ಎಸರಿನ ಹಿಟ್ಟು, ಜಪಾನಿನ ಬ್ರೆಡ್ಡು

ಜಪಾನಿ ಮಾದರಿಯ ಬೇಕರಿಯನ್ನು ಹೊಗಳುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಬ್ರೆಡ್ಡಿನ ಮೆತ್ತನೆಯ ಗುಣ ಮತ್ತು ಅದರ ಹಿಂದಿನ 'ಯುದಾನೆ' ಎಂಬ ಗುಟ್ಟಿನ ಬಳಿ. ಬ್ರೆಡ್ಡು ನಿಜಕ್ಕೂ ಚೆನ್ನ. ಹೊಗಳಿಕೆ ಮಾತ್ರ ತಪ್ಪು ಜಾಗಕ್ಕೆ ಸಲ್ಲುತ್ತಿದೆ.

ಯುದಾನೆ ಎಂದರೆ ಇಷ್ಟೇ: ಮೈದಾದಲ್ಲಿ ಸುಮಾರು ಐದನೇ ಒಂದು ಪಾಲಿಗೆ ಅಷ್ಟೇ ತೂಕದ ಕುದಿನೀರು ಹೊಯ್ದು ಕಲಸಿ, ರಾತ್ರಿಯಿಡೀ ಇಟ್ಟು, ಮರುದಿನ ಉಳಿದ ಹಿಟ್ಟಿನೊಂದಿಗೆ ನಾದುವುದು. ಬಿಸಿಗೆ ಉಬ್ಬಿದ ಪಿಷ್ಟ ನೀರನ್ನು ಬಿಟ್ಟುಕೊಡುವುದಿಲ್ಲ. ಬ್ರೆಡ್ಡು ಎರಡನೇ ದಿನವೂ ಒಣಗುವುದಿಲ್ಲ. ಸಂಡೂರು, ಕಂಪ್ಲಿಯ ಕಡೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಇದರಲ್ಲಿ ಹೊಸತೇನಿದೆ? ಜೋಳದಲ್ಲಿ ಗ್ಲುಟೆನ್ ಇಲ್ಲ. ಎಸರು ಬಿದ್ದು ಪಿಷ್ಟ ಅಂಟಾದರೇನೇ ಹಿಟ್ಟಿಗೆ ಜಿಗುಟು, ಆಗಲೇ ರೊಟ್ಟಿಯ ಅಂಚು ಒಡೆಯದೆ ಅಗಲವಾಗುವುದು. ಅಲ್ಲಿ ಬೇಕಾದದ್ದು ತೇವ, ಇಲ್ಲಿ ಬೇಕಾದದ್ದು ಬಿಗಿ. ಕುದಿನೀರು ಮಾಡುವ ಕೆಲಸ ಒಂದೇ.

ಜಪಾನಿನ ದೊಡ್ಡ ಸಾಧನೆ ಯುದಾನೆಯಲ್ಲ, ಅನ್‌ಪಾನ್ ಎಂಬ ಸಿಹಿ ಬನ್. 1869ರಲ್ಲಿ ಟೋಕಿಯೋದಲ್ಲಿ ಅಂಗಡಿ ತೆರೆದ ಕಿಮುರಾ ಯಾಸುಬೇ ಕುಟುಂಬ, ಅಕ್ಕಿಯ ಮದ್ಯ ಸಾಕೆಗೆ ಬಳಸುವ ಹುದುಗಿನಿಂದ ಹಿಟ್ಟು ಹುಳಿಯೇರಿಸಿ, ಒಳಗೆ ಕೆಂಪು ಕಾಳಿನ ಸಿಹಿ ಹೂರಣ ತುಂಬಿತು. 1875ರಲ್ಲಿ ಅದು ಮೇಜಿ ಚಕ್ರವರ್ತಿಯ ಮುಂದೆ ಹೋಯಿತು. ಪರದೇಶದ ತಿಂಡಿಯನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡ ಧೈರ್ಯ ಅದು.

ಅದೇ ಧೈರ್ಯ ಖಾರಾ ಬನ್ನಿನಲ್ಲೂ ಇದೆ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ಹಾಸನ ಸೀಮೆಯ ಅಯ್ಯಂಗಾರರ ಪರಂಪರೆ ಮೊಟ್ಟೆಯಿಲ್ಲದೆ ಬೇಯಿಸುವುದನ್ನು ಊರೂರಿಗೆ ಹಬ್ಬಿಸಿತು. ತುಸು ಸಿಹಿ ಹಿಟ್ಟಿಗೆ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ. ಉಪ್ಪು ತಾಗಿದರೆ ಈರುಳ್ಳಿ ನೀರು ಬಿಟ್ಟು ಹಿಟ್ಟು ಸಡಿಲವಾಗುತ್ತದೆ. ಆದ್ದರಿಂದ ಈರುಳ್ಳಿಯನ್ನು ಹಿಟ್ಟು ನಾದಿದ ಮೇಲೆ ಸೇರಿಸುವುದೇ ಜಾಣತನ. ಆಹಾರ ವಿಮರ್ಶಕರು ಈ ಕೈಚಳಕವನ್ನು ನೋಡುವುದಿಲ್ಲ. ಅಯ್ಯಂಗಾರ್ ಬೇಕರಿಯೆಂದರೆ ಬಾಲ್ಯದ ನೆನಪು ಎಂದು ಬರೆದು ಮುಗಿಸುತ್ತಾರೆ. ಇದು ಪ್ರೀತಿಯ ಹೆಸರಿನಲ್ಲಿ ಮಾಡುವ ಅನ್ಯಾಯ. ನೆನಪಿಗೆ ಅಂಕ ಕೊಟ್ಟರೆ ಕಸುಬಿಗೆ ಏನು ಉಳಿಯಿತು?

ಯಾರಿಗಾಗಿ ಬೇಯಿಸುವುದು ಎಂಬ ಪ್ರಶ್ನೆಯೂ ಇದೆ. ಹಂಪಿಯ ಎದುರು ದಡದ ವಿರೂಪಾಪುರಗಡ್ಡೆಯ ಹೋಟೆಲುಗಳು ಪ್ರವಾಸಿಗರ ರುಚಿ ಹಿಡಿದು ನಡೆದವು. 2020ರಲ್ಲಿ ಅವು ತೆರವಾದವು. ಆದರೆ ಹೊಸಪೇಟೆಯಂಥ ಊರಿನ ಬೇಕರಿಗೆ ಸಂಜೆಯ ಚಹಾದ ಹೊತ್ತಿಗೆ ಬರುವ ಊರಿನವರೇ ಗಿರಾಕಿಗಳು. ಅವರಿಗೆ ಬಿಸಿ ಬನ್ ಸಿಗಬೇಕು, ಅಷ್ಟೆ.

ಅಯ್ಯಂಗಾರ್ ಬೇಕರಿಗಳಲ್ಲಿ ದೋಷಗಳೂ ಇವೆ. ಬೆಣ್ಣೆಯ ಜಾಗಕ್ಕೆ ಡಾಲ್ಡಾ ಬಂದಲ್ಲಿ ಅಂಗುಳಕ್ಕೆ ಜಿಡ್ಡು ಮೆತ್ತಿಕೊಳ್ಳುತ್ತದೆ. ಮರುದಿನ ಬೆಳಗಿನ ಹೊತ್ತಿಗೆ ಬನ್ನು ಒಣಗಿ ಪುಡಿಯುದುರುತ್ತದೆ. ಮೊದಲನೆಯದಕ್ಕೆ ಬೆಣ್ಣೆಯೇ ಮದ್ದು. ಎರಡನೆಯದಕ್ಕೆ ಮೈದಾದ ಒಂದು ಪಾಲಿಗೆ ಎಸರು ಹೊಯ್ದು ನೋಡಬೇಕು. ಆ ವಿದ್ಯೆ ಕಲಿಯಲು ಬೇಕರಿಯವರು ತಮ್ಮ ಮನೆಯ ಅಡುಗೆಕೋಣೆ ದಾಟಬೇಕಿಲ್ಲ.