ಗೊತ್ತಿಲ್ಲದಿದ್ದರೆ ‘ಬೇಡ’ ಎನ್ನಿ

ವಾಡಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕಲಬುರಗಿ ಜಿಲ್ಲೆಯ ರೈಲ್ವೆ ಜಂಕ್ಷನ್ನು. ನಾನಿರುವುದು ಇನ್ನೊಂದು ವಾಡಿಯಲ್ಲಿ: ನಾಗಪುರದಿಂದ ಅಮರಾವತಿಗೆ ಹೋಗುವ ರಸ್ತೆಯಲ್ಲಿ, ಗೋದಾಮು, ಲಾರಿಗಳ ನಡುವೆ, ಅಂಬಾಝರಿಯ ಆಯುಧ ಕಾರ್ಖಾನೆಯ ನೆರೆಯಲ್ಲಿ. ಇಲ್ಲಿ ‘ಕರ್ನಲ್’ ಎಂದರೆ ಜನ ಸೇನಾಧಿಕಾರಿ ಎಂದೇ ತಿಳಿಯುತ್ತಾರೆ. ನಾನು ಹೇಳಹೊರಟಿರುವುದು ಕಂಪ್ಯೂಟರಿನೊಳಗಿನ ಕರ್ನಲ್ ಬಗ್ಗೆ. ಯಂತ್ರಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಮೆಮೊರಿ, ಡಿಸ್ಕು, ನೆಟ್‌ವರ್ಕುಗಳನ್ನು ಹಂಚಿಕೊಡುವ ತಿರುಳು ಅದು. ಆ ತಿರುಳನ್ನು ನಮ್ಮ ಮನೆಯ ಯಂತ್ರದಲ್ಲೇ ಕಟ್ಟಿಕೊಳ್ಳಲು ಕಲಿಸುವ ಪುಸ್ತಕವೊಂದಿದೆ: ಗ್ರೆಗ್ ಕ್ರೋ-ಹಾರ್ಟ್‌ಮನ್ 2006ರಲ್ಲಿ ತಂದ ‘ಲಿನಕ್ಸ್ ಕರ್ನಲ್ ಇನ್ ಎ ನಟ್‌ಶೆಲ್’. ಇಷ್ಟು ವರ್ಷಗಳ ನಂತರ ಅದನ್ನು ಓದಿದರೆ ಏನು ಉಳಿಯುತ್ತದೆ, ಏನು ಕಳಚಿಬೀಳುತ್ತದೆ?

ಬರೆದವರು ಹೊರಗಿನವರಲ್ಲ. ಕರ್ನಲ್‌ನ ಸ್ಥಿರ ಆವೃತ್ತಿಗಳನ್ನು ನೋಡಿಕೊಳ್ಳುವವರು. ಆದರೂ ಪುಸ್ತಕದಲ್ಲಿ ಪಂಡಿತರ ಗತ್ತಿಲ್ಲ. ಸಿ ಭಾಷೆ ಗೊತ್ತಿರಬೇಕೆಂಬ ಷರತ್ತಿಲ್ಲ. ಆಕರವನ್ನು ಇಳಿಸಿಕೊಳ್ಳುವುದು, ಬೇಕಾದ್ದನ್ನು ಆಯುವುದು, ಕಂಪೈಲ್ ಮಾಡುವುದು, ಬೂಟ್ ಮಾಡುವುದು, ಆಮೇಲೆ ಹೊಸ ಆವೃತ್ತಿಗೆ ಏರುವುದು. ಅಡುಗೆ ಹೇಳಿಕೊಡುವ ಹಿರಿಯರ ಹಾಗೆ ಒಂದಾದ ಮೇಲೊಂದು. ರೂಟ್ ಬಳಕೆದಾರರಾಗಿ ಕಂಪೈಲ್ ಮಾಡಬೇಡಿ ಎಂಬ ಎಚ್ಚರಿಕೆಯನ್ನೂ ಕಾರಣ ಸಮೇತ ಹೇಳುತ್ತಾರೆ. ಹಿಂದೊಮ್ಮೆ ನಿರ್ಮಾಣ ಪ್ರಕ್ರಿಯೆಯಲ್ಲಿದ್ದ ದೋಷ ರೂಟ್ ಅಧಿಕಾರ ಸಿಕ್ಕರೆ ವ್ಯವಸ್ಥೆಯ ಮುಖ್ಯ ಫೈಲುಗಳನ್ನೇ ಅಳಿಸಿಬಿಡುತ್ತಿತ್ತು.

ಪುಸ್ತಕದ ಜೀವ ಇರುವುದು ‘ಬೇಕಾದ್ದನ್ನು ಆಯುವ’ ಭಾಗದಲ್ಲಿ. ಉಬುಂಟು, ಫೆಡೋರಾಗಳು ಕೊಡುವ ಕರ್ನಲ್ ಎಲ್ಲರ ಮನೆಗೂ ಹೊಂದಬೇಕಾದ್ದು. ಅದರಲ್ಲಿ ನಾವೆಂದೂ ನೋಡದ ಸಾವಿರಾರು ಸಾಧನಗಳ ಚಾಲಕಗಳಿರುತ್ತವೆ. ನಿಮ್ಮ ಮನೆಯಲ್ಲಿ ಏನೇನಿದೆ ಎಂದು ಗ್ರೆಗ್ ಕೇಳುತ್ತಾರೆ. ನೆಟ್‌ವರ್ಕ್ ಕಾರ್ಡು ಯಾವುದು? ಅದನ್ನು ನಡೆಸುವ ಚಾಲಕ ಯಾವುದು? ‘ಸಿಸ್’ ಕಡತಕೋಶದೊಳಗೆ ಹೊಕ್ಕು, ಒಂದೊಂದು ಸಾಧನದ ಜಾಡು ಹಿಡಿದು, ಅದಕ್ಕೆ ಸಂಬಂಧಿಸಿದ ಆಯ್ಕೆಯ ಹೆಸರು ಸಿಗುವ ತನಕ ನಮ್ಮನ್ನು ಕೈಹಿಡಿದು ನಡೆಸುತ್ತಾರೆ. 2009ರಲ್ಲಿ ಬಂದ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಒಂದೇ ಆಜ್ಞೆ ಈಗ ಆ ಕೆಲಸದ ಬಹುಪಾಲನ್ನು ಕ್ಷಣದಲ್ಲಿ ಮುಗಿಸುತ್ತದೆ. ಹಾಗೆಂದು ಆ ಅಧ್ಯಾಯ ಹಳತಾಗಿಲ್ಲ. ಆಜ್ಞೆ ನೋಡುವುದು ಆ ಗಳಿಗೆಯಲ್ಲಿ ಓಡುತ್ತಿರುವ ಮಾಡ್ಯೂಲುಗಳನ್ನು ಮಾತ್ರ. ಅಂದು ಪ್ರಿಂಟರ್ ಚುಚ್ಚಿರದಿದ್ದರೆ ನಾಳೆ ಹೊಸ ಕರ್ನಲ್‌ಗೆ ಅದರ ಪರಿಚಯವೇ ಇರದು. ಜಾಡು ಹಿಡಿಯಲು ಕಲಿತವರಿಗೆ ಮಾತ್ರ ಆಗ ಏನು ಮಾಡಬೇಕೆಂದು ತಿಳಿಯುತ್ತದೆ.

ಕಳಚಿಬಿದ್ದಿರುವುದು ಕೊನೆಯ ಭಾಗ. ಆಯ್ಕೆಗಳ ಆ ಪಟ್ಟಿ 2.6.18ನೇ ಆವೃತ್ತಿಯದು. ಇಂದು ಮೆನುಕಾನ್ಫಿಗ್ ತೆರೆದವರಿಗೆ ಅದು ಹಳೆಯ ಊರಿನ ನಕಾಶೆ. ಸೆಕ್ಯೂರ್ ಬೂಟ್ ಇರುವ ಇಂದಿನ ಲ್ಯಾಪ್‌ಟಾಪಿನಲ್ಲಿ ಸಹಿ ಇಲ್ಲದ ಕರ್ನಲ್ ಬೂಟ್ ಆಗುವುದೇ ಇಲ್ಲ. ಪುಸ್ತಕದ ಕಾಲಕ್ಕೆ ಆ ತೊಡಕೇ ಇರಲಿಲ್ಲ. ಇದು ಲೇಖಕರ ತಪ್ಪಲ್ಲ. ನನ್ನ ತಕರಾರು ಬೇರೆ. ಕಟ್ಟುವುದರ ಖುಷಿಗೆ ಕೊಟ್ಟಷ್ಟು ಒತ್ತು ಕಟ್ಟಿದ್ದನ್ನು ಕಾಪಾಡುವ ಹೊಣೆಗೆ ಸಿಕ್ಕಿಲ್ಲ. ಸ್ವಂತ ಕರ್ನಲ್ ಹಾಕಿಕೊಂಡ ದಿನದಿಂದ ಭದ್ರತೆಯ ತೇಪೆ ತಾನಾಗಿ ಬರುವುದಿಲ್ಲ. ಹೊಸ ಸ್ಥಿರ ಆವೃತ್ತಿ ಬಂದಾಗಲೆಲ್ಲ ಹಳೆಯ ಕಾನ್ಫಿಗ್ ಫೈಲನ್ನು ಒಯ್ದಿಟ್ಟು, ‘ಮೇಕ್ ಓಲ್ಡ್‌ಕಾನ್ಫಿಗ್’ ಕೇಳುವ ಹೊಸ ಪ್ರಶ್ನೆಗಳಿಗಷ್ಟೇ ಉತ್ತರಿಸಿ, ಮತ್ತೆ ಕಂಪೈಲ್ ಮಾಡಬೇಕು. ಮೇ ತಿಂಗಳ ನಾಗಪುರದಲ್ಲಿ, ಹಳೆಯ ಎರಡು ಕೋರಿನ ಯಂತ್ರದ ಫ್ಯಾನು ಗಂಟೆಗಟ್ಟಲೆ ಬೊಬ್ಬಿಡುವಾಗ, ಇದು ಹವ್ಯಾಸವೋ ವ್ರತವೋ ಎಂಬ ಅನುಮಾನ ಬರುತ್ತದೆ. ಬೂಟ್ ಮೆನುವಿನಲ್ಲಿ ಹಳೆಯ ಕರ್ನಲ್ ಉಳಿಸಿಕೊಳ್ಳಿ ಎಂಬ ಮಾತೇ ಈ ವ್ರತದ ಮೊದಲ ನಿಯಮ.

ಇನ್ನು ಭಾಷೆಯ ವಿಚಾರ. ಕರ್ನಲ್‌ನ ಆಯ್ಕೆಗಳ ಜೊತೆಗಿರುವ ಸಹಾಯದ ಟಿಪ್ಪಣಿಗಳಲ್ಲಿ ಒಂದು ಪಲ್ಲವಿ ಮತ್ತೆ ಮತ್ತೆ ಬರುತ್ತದೆ: ಗೊತ್ತಿಲ್ಲದಿದ್ದರೆ ‘ಬೇಡ’ ಎನ್ನಿ. ಕೆಲವೆಡೆ ‘ಹೂಂ’ ಎನ್ನಿ. ಒಳ್ಳೆಯ ಸಲಹೆಯೇ. ಆದರೆ ಇಂಗ್ಲಿಷಿನಲ್ಲಿ ತಡವರಿಸುವವರಿಗೆ ಗೊತ್ತಿಲ್ಲದ್ದು ತಂತ್ರಜ್ಞಾನವೋ ವಾಕ್ಯವೋ ಎಂಬುದೇ ಗೊತ್ತಾಗುವುದಿಲ್ಲ. ಈ ಮೆನುಗಳನ್ನು ಬೇರೆ ಭಾಷೆಗಳಿಗೆ ತರುವ ಏರ್ಪಾಡು 2005ರಲ್ಲಿ ಕರ್ನಲ್‌ಗೆ ಸೇರಿತ್ತು. 2018ರಲ್ಲಿ ಅದನ್ನು ಕಿತ್ತುಹಾಕಿದರು. ಕೆಟ್ಟುಹೋಗಿದೆ, ಯಾರೂ ಬಳಸುತ್ತಿಲ್ಲ ಎಂಬುದು ಕಾರಣ. ಬಾಗಿಲು ಹದಿಮೂರು ವರ್ಷ ತೆರೆದಿತ್ತು. ಕರ್ನಲ್‌ನ ದಾಖಲೆಗಳಿಗೆ ಇಂದಿಗೂ ಅನುವಾದದ ವಿಭಾಗವಿದೆ. ಚೀನೀ, ಜಪಾನೀ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳು ಅಲ್ಲಿವೆ. ಕನ್ನಡವಿಲ್ಲ.

ಕನ್ನಡಕ್ಕೆ ಇಂಥ ಬರವಣಿಗೆ ಹೊಸದೇ? ಹನ್ನೊಂದನೆಯ ಶತಮಾನದಲ್ಲೇ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ ಬರೆದ. ಮಳೆಯ ಸೂಚನೆ, ಮನೆಯ ವಾಸ್ತು, ಅಂತರ್ಜಲ, ಅಡುಗೆ: ಗೃಹಸ್ಥನಿಗೆ ಬೇಕಾದ ಕೈಪಿಡಿ. ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಕಟ್ಟಿದರು. ನಮ್ಮ ಕಾಲದಲ್ಲಿ ನುಡಿ, ಬರಹ, ಯೂನಿಕೋಡ್ ಎಂದು ಅಕ್ಷರ ಮೂಡಿಸುವ ಹೋರಾಟವನ್ನು ಗೆದ್ದೆವು. ಗೆದ್ದು ಅಲ್ಲಿಯೇ ಕೂತೆವು. ಪರದೆಯ ಮೇಲೆ ಕನ್ನಡ ಬಂತು, ಪರದೆಯ ಹಿಂದಿನ ಮಾತು ಕನ್ನಡಕ್ಕೆ ಬರಲಿಲ್ಲ. ಪುಣೆ, ಹೈದರಾಬಾದು, ನಾಗಪುರಗಳಲ್ಲಿ ಇದೇ ಯಂತ್ರಗಳನ್ನು ನಡೆಸಿ ಸಂಬಳ ಎಣಿಸುವ ನಾವು, ಊರಿನ ಡಿಪ್ಲೊಮಾ ಹುಡುಗಿಗೆ ಒಂದು ಅಧ್ಯಾಯವನ್ನೂ ದಾಟಿಸಿಲ್ಲ.

ಗ್ರೆಗ್ ಪುಸ್ತಕದ ದೊಡ್ಡ ಗುಣ ಅದರ ಪರವಾನಗಿ. ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಅದು ಪುಕ್ಕಟೆ ಸಿಗುತ್ತದೆ. ಮೂಲ ಲೇಖಕರ ಹೆಸರು ಹೇಳಿ, ಅದೇ ಪರವಾನಗಿಯಲ್ಲಿ ಹಂಚುವುದಾದರೆ ಅನುವಾದಿಸಲು ಯಾರನ್ನೂ ಕೇಳಬೇಕಿಲ್ಲ. ಇಡೀ ಪುಸ್ತಕ ಬೇಡ. ಸತ್ತ ಪಟ್ಟಿಯನ್ನು ಬಿಟ್ಟು, ಸಾಧನದ ಜಾಡು ಹಿಡಿಯುವ ಆ ಅಧ್ಯಾಯ ಮತ್ತು ಏರುವುದನ್ನು ಹೇಳುವ ಅಧ್ಯಾಯ ಸಾಕು. ಲೋಕಲ್‌ಮಾಡ್‌ಕಾನ್ಫಿಗ್, ಸೆಕ್ಯೂರ್ ಬೂಟ್ ಬಗ್ಗೆ ಎರಡು ಪುಟ ನಾವೇ ಸೇರಿಸಬೇಕು. ಓದುಗರಲ್ಲಿ ನಾಲ್ವರು ಸೇರಿದರೆ ಒಂದು ಮಳೆಗಾಲದ ಕೆಲಸ.