ಬುಡ ಮೊದಲು, ಬಣ್ಣ ಕೊನೆಗೆ: ಹಳೆಯ ಗಾಜಿನ ರಸಿಕರಿಗೊಂದು ಕೈಪಿಡಿ

ನೀಲಿ ಅತ್ತರದ ಶೀಸೆ, ಹಸಿರು ಗೋಲಿಸೋಡಾ ಬಾಟಲಿ, ಕೇಸರಿ ಹೊಳಪಿನ ಲೋಟ, ಕಂದೀಲಿನ ಬಣ್ಣದ ಗಾಜು. ರಾಯಚೂರು, ದೇವದುರ್ಗ, ಮಾನವಿಯ ಹಳೆಯ ಮನೆಗಳಲ್ಲಿ, ಗುಜರಿ ಅಂಗಡಿಗಳಲ್ಲಿ ಇಂಥವು ಕಣ್ಣಿಗೆ ಬಿದ್ದರೆ ‘ನಿಜಾಮರ ಕಾಲದ್ದು’ ಎಂದುಬಿಡುವುದು ಸುಲಭ. ಆದರೆ ಈ ಸೀಮೆಯಲ್ಲಿ ನಿಜಾಮರ ಕಾಲವೆಂದರೆ 1948ರವರೆಗೂ ಬರುತ್ತದೆ. ಅಷ್ಟು ಉದ್ದದ ಅವಧಿಯ ಹೆಸರು ಹೇಳಿದರೆ ವಸ್ತುವಿನ ವಯಸ್ಸು ಹೇಳಿದಂತಾಗುವುದಿಲ್ಲ. ಬಣ್ಣವನ್ನು ನಂಬಿದರೂ ಅಷ್ಟೇ. ಕೋಬಾಲ್ಟ್ ಬೆರೆಸಿ ಗಾಜನ್ನು ನೀಲಿ ಮಾಡುವ ವಿದ್ಯೆ ಸಾವಿರಾರು ವರ್ಷ ಹಳೆಯದು, ಇಂದಿಗೂ ನಡೆದಿದೆ. ಹೊಸ ರಸಿಕರು ಮೊದಲು ಕಲಿಯಬೇಕಾದುದು ಇದು: ಬಣ್ಣ ಮನಸ್ಸನ್ನು ಸೆಳೆಯಲಿ, ತೀರ್ಪನ್ನು ಮಾತ್ರ ಬುಡ, ಕತ್ತು, ಬಾಯಿ ಕೊಡಲಿ.

ವಸ್ತುವನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿಯಿರಿ. ಬುಡದ ನಡುವೆ ಒರಟಾದ ಗಾಯದಂಥ ಗುರುತು ಕಂಡರೆ, ಕುಶಲಕರ್ಮಿ ಅದನ್ನು ಕಬ್ಬಿಣದ ಸಲಾಕಿಗೆ ಅಂಟಿಸಿಕೊಂಡು ಬಾಯಿ ತಿದ್ದಿ, ಆಮೇಲೆ ಮುರಿದು ಬಿಡಿಸಿದ್ದಾನೆ ಎಂದರ್ಥ; ಅದು ಕೈಕೆಲಸ. ಮುಂದೆ ಅಚ್ಚಿನ ಎರಡು ಭಾಗ ಕೂಡಿದ ಗೆರೆಯನ್ನು ಬೆರಳಿನಿಂದ ಹುಡುಕಿ. ಬಾಟಲಿಯಲ್ಲಿ ಆ ಗೆರೆ ಕತ್ತಿನ ಬಳಿ ಮಾಯವಾದರೆ ಬಾಯನ್ನು ಕೈಯಿಂದ ಮುಗಿಸಿದ್ದಾರೆ. ಬಾಯಿಯ ಅಂಚನ್ನೂ ದಾಟಿ ಹೋಗಿದ್ದರೆ ಅದು ಯಂತ್ರದ್ದು; ಅಮೆರಿಕದ ಮೈಕೆಲ್ ಓವನ್ಸ್ ತನ್ನ ಸ್ವಯಂಚಾಲಿತ ಬಾಟಲಿ ಯಂತ್ರವನ್ನು ರೂಪಿಸಿದ್ದು 1903ರ ಸುಮಾರಿಗೆ, ಹಾಗಾಗಿ ಆ ಬಾಟಲಿ ಸಾಮಾನ್ಯವಾಗಿ ಅದಕ್ಕಿಂತ ಹಳೆಯದಾಗಿರುವುದಿಲ್ಲ. ಲೋಟ, ಬಟ್ಟಲುಗಳಲ್ಲಿ ಒಳಮೈಯನ್ನೂ ಸವರಿ ನೋಡಬೇಕು. ಹೊರಗೆ ಹೂಬಳ್ಳಿ ಎದ್ದು ನಿಂತು ಒಳಗೆ ನುಣುಪಾಗಿದ್ದರೆ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಹೊರಗಿನ ಏರಿಳಿತ ಒಳಗೂ ತಾಕಿದರೆ ಅಚ್ಚಿನೊಳಗೆ ಊದಿ ಮಾಡಿದ್ದು.

ಮಾಡಿದವರು ಯಾರು ಎಂಬುದಕ್ಕೆ ಗುರುತುಗಳು ಬೇಕು, ಗುರುತು ಓದಲು ಇತಿಹಾಸ ಬೇಕು. ಮುಂಬೈ ಕಡೆಯ ರೈಲು ಹಾದಿಯೂ ಮದರಾಸಿನ ಹಾದಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಎರಡು ಬಂದರುಗಳ ಸರಕು ಊರಿನ ಬಾಗಿಲಿಗೆ ಬರುವ ದಾರಿ ತೆರೆಯಿತು. ರೈಲು ಮುಟ್ಟದ ದೇವದುರ್ಗ, ಮಾನವಿಗೆ ಅಲ್ಲಿಂದ ಮುಂದೆ ಬಂಡಿಯೇ ಗತಿ. ಆದ್ದರಿಂದ ಈ ಭಾಗದಲ್ಲಿ ಸಿಗುವ ವಿದೇಶಿ ಗಾಜನ್ನು, ಬೇರೆ ಸಾಕ್ಷಿ ಇಲ್ಲದಿದ್ದರೆ, 1871ರ ನಂತರದ್ದೆಂದು ಹಿಡಿಯುವುದೇ ಹೆಚ್ಚು ಸಮಂಜಸ. ಬುಡದಲ್ಲಿ ‘ಆರ್‌ಡಿ’ ಅಕ್ಷರಗಳ ಮುಂದೆ ಅಂಕಿಗಳಿದ್ದರೆ ಅದು ಬ್ರಿಟನ್ನಿನಲ್ಲಿ ನೋಂದಾಯಿಸಿದ ವಿನ್ಯಾಸ. ಆ ಅಂಕಿಸಾಲು ಶುರುವಾದದ್ದು 1884ರಲ್ಲಿ. ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ 1918ಕ್ಕಿಂತ ಹಿಂದಿನದಲ್ಲ, ಏಕೆಂದರೆ ಆ ದೇಶ ಹುಟ್ಟಿದ್ದೇ ಆ ವರ್ಷ. ಅದಕ್ಕೆ ಮೊದಲು ಬೊಹೀಮಿಯಾದ ಗಾಜು ಆಸ್ಟ್ರಿಯಾದ ಹೆಸರಿನಲ್ಲಿ ಬರುತ್ತಿತ್ತು. 1914ರ ಮಹಾಯುದ್ಧದಲ್ಲಿ ಆ ದಾರಿ ಮುಚ್ಚಿದಾಗ ಜಪಾನಿನ ಸರಕು ಪೇಟೆ ಹಿಡಿಯಿತು. ಸ್ವದೇಶಿ ಚಳವಳಿಯ ಬಲದಿಂದ ತಳೇಗಾಂವದಲ್ಲಿ ಪೈಸಾ ಫಂಡ್ ಕಾರ್ಖಾನೆಯೂ, ಕರಾಡದ ಬಳಿ ‘ಪ್ರಭಾಕರ’ ಕಂದೀಲಿಗೆ ಹೆಸರಾದ ಓಗಲೆ ಗಾಜಿನ ಕಾರ್ಖಾನೆಯೂ ತಲೆಯೆತ್ತಿದವು. ಕೇಸರಿ ಹೊಳಪಿನ ಲೋಟದ ಬುಡದಲ್ಲಿ ‘ಜೈನ್’ ಎಂಬ ಇಂಗ್ಲಿಷ್ ಅಕ್ಷರಗಳು ಮೂಡಿದ್ದರೆ ಅದು ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್‌ನದು. ಅದನ್ನು ವಿಲಾಯಿತಿ ಎಂದು ಮಾರಿದರೆ ನಂಬಬೇಡಿ. ನಮ್ಮ ದೇಶದ ಕೆಲಸವೆಂದೇ ಅದಕ್ಕೆ ಗೌರವ ಕೊಡಿ.

ಗುರುತೇ ಇಲ್ಲದ ವಸ್ತುಗಳೇ ಹೆಚ್ಚಲ್ಲವೇ ಎಂದು ಕೇಳಬಹುದು. ನಿಜ, ಆಗ ತಯಾರಕರ ಹೆಸರು ಬಿಟ್ಟು, ತಯಾರಿಕೆಯ ವಿಧಾನದಿಂದ ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಗಡಿ ಹಾಕಿದರೆ ಸಾಕು. ಪ್ರಾಮಾಣಿಕವಾದ ಇಪ್ಪತ್ತು ವರ್ಷದ ಅಂದಾಜು ಸುಳ್ಳು ಇಸವಿಗಿಂತ ಮೇಲು. ಆಕಾರವೇ ಕಾಲ ಹೇಳುವುದಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಗೋಲಿಸೋಡಾ ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ ಹಕ್ಕುಪತ್ರ ಪಡೆದದ್ದು 1870ರ ದಶಕದಲ್ಲಿ. ಆದರೆ ಅದೇ ಆಕಾರದ ಬಾಟಲಿ ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿದೆ. ಆಕಾರ ಆರಂಭದ ಗಡಿ ಹೇಳುತ್ತದೆ, ಕೊನೆಯ ಗಡಿ ಹೇಳುವುದಿಲ್ಲ. ನೇರಳಾತೀತ ಟಾರ್ಚಿನ ಬಗ್ಗೆಯೂ ಇದೇ ಎಚ್ಚರಿಕೆ: ಯುರೇನಿಯಂ ಬೆರೆಸಿದ ಗಾಜು ಆ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ, ನಿಜ, ಆದರೆ ಅಂಥ ಗಾಜನ್ನು ಈಗಲೂ ಮಾಡುತ್ತಾರೆ, ಮ್ಯಾಂಗನೀಸ್ ಇರುವ ಗಾಜೂ ಮಂದವಾಗಿ ಹೊಳೆಯುತ್ತದೆ. ಆ ಮ್ಯಾಂಗನೀಸ್ ಗಾಜನ್ನು ವರ್ಷಗಟ್ಟಲೆ ಬಿಸಿಲಿಗಿಟ್ಟರೆ ತಿಳಿ ನೇರಳೆಗೆ ತಿರುಗುತ್ತದೆ. ರಾಯಚೂರಿನಂಥ ಬಿಸಿಲಿನ ಸೀಮೆಯಲ್ಲಿ ಇದನ್ನು ಮರೆಯಬಾರದು: ನೀವು ಮೆಚ್ಚುವ ನೇರಳೆ, ಕಾರ್ಖಾನೆ ಬಿಡುವಾಗ ಬಿಳಿಯಾಗಿಯೇ ಇದ್ದಿರಬಹುದು.

ಅಂದ ಸವಿಯಲು ವಯಸ್ಸೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಗಾಳಿಗುಳ್ಳೆ ಯಾಕೆ ಉಳಿಯಿತು, ಅಂಚು ಯಾಕೆ ಡೊಂಕಾಯಿತು ಎಂದು ತಿಳಿದವರಿಗೆ ಅದೇ ಗಾಜಿನಲ್ಲಿ ದುಡಿದವರ ಉಸಿರೂ ಕೈಯೂ ಕಾಣುತ್ತವೆ. ತಿಳಿಯದವರಿಗೆ ಬರಿಯ ಬಣ್ಣ ಕಾಣುತ್ತದೆ. ಆದ್ದರಿಂದ ಒಂದು ಮನವಿ. ಮನೆಯ ಹಳೆಯ ಗಾಜನ್ನು ಗುಜರಿಗೆ ಹಾಕುವ ಮುನ್ನ ಬುಡ ನೋಡಿ, ಬೂದಿ ಹಚ್ಚಿ ತಿಕ್ಕದೆ ಬರಿಯ ನೀರಿನಲ್ಲಿ ತೊಳೆಯಿರಿ, ಯಾರ ಮನೆಗೆ ಯಾವಾಗ ಬಂತೆಂಬುದನ್ನು ಹಿರಿಯರಿಂದ ಕೇಳಿ ಚೀಟಿಯಲ್ಲಿ ಬರೆದು ಜೊತೆಗಿಡಿ. ಮುಂದಿನ ರಸಿಕರಿಗೆ ಆ ಚೀಟಿಯೂ ಒಂದು ಸಾಕ್ಷಿ.