ನಿಂತ ನಾಟಕ, ನಿಂತೇ ಇರುವ ಫ್ಲೆಕ್ಸು

2022ರ ಜುಲೈ ಮೊದಲ ವಾರದ ಒಂದು ರಾತ್ರಿ ಆನವಟ್ಟಿಯಲ್ಲಿ ನಾಟಕವೊಂದು ಅರ್ಧಕ್ಕೇ ನಿಂತಿತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಈ ಊರಿಗೆ ಶಿವಮೊಗ್ಗದ ರಂಗಬೆಳಕು ತಂಡ ಜಯಂತ ಕಾಯ್ಕಿಣಿಯವರ ‘ಜೊತೆಗಿರುವನು ಚಂದಿರ’ವನ್ನು ಆಡಲು ಹೋಗಿತ್ತು. ಆಡುತ್ತಿದ್ದದ್ದು ವೀರಶೈವ ಸಮುದಾಯದ ಭವನದಲ್ಲಿ. ಬಜರಂಗದಳದ ಕಾರ್ಯಕರ್ತರು ಒಳಗೆ ಬಂದರು, ಇದು ಮುಸ್ಲಿಮರ ಕಥೆ ಎಂದು ತಕರಾರು ತೆಗೆದರು, ‘ಭಾರತ್ ಮಾತಾ ಕಿ ಜೈ’ ಎಂದು ಕೂಗಿದರು. ನಾಟಕ ಮುಂದುವರಿಯಲಿಲ್ಲ. ಮರುದಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಸಾಹಿತಿಗಳೂ ರಂಗಕರ್ಮಿಗಳೂ ಖಂಡಿಸಿದರು. ಅಲ್ಲಿಗೆ ವಿಷಯ ತಣ್ಣಗಾಯಿತು.

ನನಗೆ ಈ ಘಟನೆ ಇನ್ನೂ ಕಾಡುತ್ತಿರುವುದು ಬೇರೆ ಕಾರಣಕ್ಕೆ. ಅಂದು ಸಭಾಂಗಣದಲ್ಲಿ ಘೋಷಣೆ ಕೂಗಿದ್ದು ನಾಟಕವಲ್ಲ, ನಾಟಕ ನಿಲ್ಲಿಸಲು ಬಂದವರು. ನಾವು ಪ್ರತಿಭಟನಾ ಕಲೆ ಎಂದಾಗ ತಮಟೆ, ಘೋಷಣೆ, ಪೋಸ್ಟರ್, ಗೋಡೆಬರಹ ನೆನಪಾಗುತ್ತವೆ. ‘ಜೊತೆಗಿರುವನು ಚಂದಿರ’ದ ಕುಲ ಅದಲ್ಲ. ಅದು ‘ಫಿಡ್ಲರ್ ಆನ್ ದ ರೂಫ್’ ಎಂಬ 1964ರ ಬ್ರಾಡ್‌ವೇ ಸಂಗೀತ ನಾಟಕದ ಕನ್ನಡ ರೂಪ. ಮನೆ, ಮಕ್ಕಳು, ಮದುವೆ, ಹಾಡು, ಒಂದಿಷ್ಟು ನಗು. ಸರ್ಕಾರವನ್ನು ಬೈಯುವ, ಸಂಘಟನೆಯೊಂದನ್ನು ಹೆಸರಿಸಿ ಹಂಗಿಸುವ ನಾಟಕ ಅದಲ್ಲ. ಹಾಗಿದ್ದೂ ಅದನ್ನು ಸಹಿಸಲಾಗಲಿಲ್ಲ. ಯಾಕೆ?

ಮೂಲದ ಕಥೆಗೆ ಹೋದರೆ ಉತ್ತರದ ಒಂದು ತುದಿ ಸಿಗುತ್ತದೆ. ಯಿಡ್ಡಿಷ್ ಲೇಖಕ ಶೋಲೆಮ್ ಅಲೈಖೆಮ್‌ನ ಕಥೆಗಳಿಂದ ಜೋಸೆಫ್ ಸ್ಟೈನ್ ಕಟ್ಟಿದ ನಾಟಕ ಅದು. 1905ರ ರಷ್ಯಾ ಸಾಮ್ರಾಜ್ಯದ ಅನತೆವ್ಕಾ ಎಂಬ ಹಳ್ಳಿ. ಹಾಲು ಮಾರುವ ಯಹೂದಿ ಟೆವ್ಯೆ, ಅವನ ಐದು ಹೆಣ್ಣುಮಕ್ಕಳು. ಹಿರಿಯ ಮಗಳ ಮದುವೆಯ ದಿನ, ಕುಣಿತ ನಡೆದಿರುವಾಗಲೇ ಗುಂಪೊಂದು ನುಗ್ಗಿ ಮದುವೆ ಮನೆಯನ್ನು ಹಾಳುಗೆಡಹುತ್ತದೆ. ಅಲ್ಲಿಗೆ ಮೊದಲ ಅಂಕ ಮುಗಿಯುತ್ತದೆ. ಇಂಥದ್ದೊಂದು ನಡೆಯಲಿದೆ ಎಂದು ಟೆವ್ಯೆಗೆ ಮೊದಲೇ ಸೂಚನೆ ಕೊಟ್ಟವನು ಊರಿನ ಪೊಲೀಸ್ ಅಧಿಕಾರಿ. ಅವನಿಗೆ ಟೆವ್ಯೆಯ ಮೇಲೆ ವೈಯಕ್ತಿಕ ದ್ವೇಷವೇನೂ ಇಲ್ಲ, ಪ್ರೀತಿಯೇ ಇದೆ. ಮೇಲಿನಿಂದ ಆದೇಶ ಬಂದಿದೆ, ಅಷ್ಟೆ. ದೈನಂದಿನ ಅಸಹನೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಈ ಪರಿಚಿತ, ಸಭ್ಯ ಮನುಷ್ಯನಿಗಿಂತ ಒಳ್ಳೆಯ ಪಾತ್ರ ನನಗೆ ಗೊತ್ತಿಲ್ಲ. ಸಂಭ್ರಮದ ಮಧ್ಯೆ ಗುಂಪು ನುಗ್ಗುವ ಕಥೆಯಿಂದ ಹುಟ್ಟಿದ ನಾಟಕದ ಮಧ್ಯೆಯೇ ಗುಂಪು ನುಗ್ಗಿತು. ಇದರ ವ್ಯಂಗ್ಯವನ್ನು ವಿವರಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತಿದೆ. ಇಂಥ ನಾಟಕಗಳನ್ನು ನಾವು ಸಮರ್ಥಿಸುವಾಗ ‘ಇದು ಸೌಹಾರ್ದದ ನಾಟಕ, ಇದರಲ್ಲಿ ರಾಜಕೀಯವಿಲ್ಲ’ ಎಂದುಬಿಡುತ್ತೇವೆ. ರಾಜಕೀಯ ಇದ್ದಿದ್ದರೆ ನಿಲ್ಲಿಸಬಹುದಿತ್ತೇನು? ಅದಕ್ಕಿಂತ ಹೆಚ್ಚಾಗಿ, ಈ ಸಮರ್ಥನೆ ಕೃತಿಯನ್ನೇ ಕುಗ್ಗಿಸುತ್ತದೆ. ಟೆವ್ಯೆ ಬರೀ ಅನ್ಯಾಯಕ್ಕೊಳಗಾದ ಒಳ್ಳೆಯ ಮುದುಕನಲ್ಲ. ಮೂರನೆಯ ಮಗಳು ಕ್ರೈಸ್ತ ಹುಡುಗನನ್ನು ಮದುವೆಯಾದಾಗ ಅವಳು ತನ್ನ ಪಾಲಿಗೆ ಸತ್ತಳು ಎನ್ನುತ್ತಾನೆ. ಸಂಪ್ರದಾಯದ ಹೆಸರಿನಲ್ಲಿ ಬಾಗಿಲು ಮುಚ್ಚುವವನು ಅವನೂ ಹೌದು. ಹೊರಗಿನ ಅಸಹನೆ ಅವನನ್ನು ಊರಿನಿಂದ ತಳ್ಳುತ್ತದೆ, ಒಳಗಿನ ಅಸಹನೆ ಮಗಳನ್ನು ಮನೆಯಿಂದ ತಳ್ಳುತ್ತದೆ. ಮೂಲ ನಾಟಕ ಎರಡನ್ನೂ ಒಂದೇ ಮನೆಯಲ್ಲಿಟ್ಟು ತೋರಿಸುತ್ತದೆ. ‘ಸೌಹಾರ್ದ’ದ ಹಣೆಪಟ್ಟಿ ಅಂಟಿಸಿದ ಕೂಡಲೇ ಈ ಮುಳ್ಳು ಕಣ್ಣಿಗೆ ಬೀಳುವುದಿಲ್ಲ. ಬ್ರಾಡ್‌ವೇಯ ಸಿಹಿ ಅದನ್ನು ಸ್ವಲ್ಪ ಮೊಂಡಾಗಿಸಿದೆ ಎಂಬುದೂ ನಿಜ. ಹಾಡು ಚೆನ್ನಾಗಿದ್ದರೆ ಪ್ರೇಕ್ಷಕ ಬೇಗ ಕ್ಷಮಿಸಿಬಿಡುತ್ತಾನೆ.

ಆನವಟ್ಟಿಯಲ್ಲಿ ತಡೆದವರಿಗೆ ಇದ್ಯಾವುದೂ ಬೇಕಿರಲಿಲ್ಲ. ಬೀದರಿನ ಶಾಹೀನ್ ಶಾಲೆಯ ಪ್ರಕರಣದೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 2020ರ ಜನವರಿಯಲ್ಲಿ ಅಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಆಡಿದ ನಾಟಕಕ್ಕೆ ರಾಜದ್ರೋಹದ ಕೇಸು ಬಿತ್ತು. ಪೊಲೀಸರು ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಶಿಕ್ಷಕಿಯೊಬ್ಬರೂ ವಿದ್ಯಾರ್ಥಿನಿಯೊಬ್ಬಳ ತಾಯಿಯೂ ಜೈಲು ಸೇರಿದರು. ಅದೇ ತಿಂಗಳು ಆನೆಗುಂದಿ ಉತ್ಸವದ ಕವಿಗೋಷ್ಠಿಯಲ್ಲಿ ಕವಿತೆ ಓದಿದ ಸಿರಾಜ್ ಬಿಸರಳ್ಳಿಯವರ ಮೇಲೂ ಕೇಸಾಯಿತು. ಎರಡೂ ಕಡೆ ಆಪಾದಿಸಿದವರು ಕಡೇಪಕ್ಷ ಒಂದು ಸಾಲನ್ನೋ ಸಂಭಾಷಣೆಯನ್ನೋ ಬೆರಳಿಟ್ಟು ತೋರಿಸಿದರು. ಬೀದರಿನ ಕೇಸನ್ನು ಹೈಕೋರ್ಟು 2023ರಲ್ಲಿ ರದ್ದು ಮಾಡಿತು. ಆನವಟ್ಟಿಯಲ್ಲಿ ಬೆರಳಿಡಲು ಸಾಲೇ ಬೇಕಾಗಲಿಲ್ಲ. ಪಾತ್ರಗಳ ಹೆಸರು ಸಾಕಾಯಿತು. ಅರ್ಧಕ್ಕೆ ನಿಂತ ಪ್ರದರ್ಶನವನ್ನು ಯಾವ ಹೈಕೋರ್ಟು ಪೂರ್ತಿ ಮಾಡಿಸೀತು?

ಒಂದು ಮುಸ್ಲಿಂ ಮನೆಯನ್ನು, ಅದರ ಮಕ್ಕಳ ಮದುವೆಯ ಚಿಂತೆಯನ್ನು ಎರಡು ಗಂಟೆ ಕೂತು ‘ನಮ್ಮ ಮನೆಯದೂ ಇದೇ’ ಎಂದು ನೋಡುವುದು, ಅದೂ ಲಿಂಗಾಯತರ ಭವನವೊಂದರಲ್ಲಿ, ಕನ್ನಡದಲ್ಲಿ. ನನ್ನ ಪ್ರಕಾರ ತಡೆಯಬೇಕೆನ್ನಿಸಿದ್ದು ಇದನ್ನು. ಕೆಟ್ಟ ಮುಸ್ಲಿಮನ ಪಾತ್ರವಿದ್ದರೆ ಯಾರೂ ಬರುತ್ತಿರಲಿಲ್ಲ. ದೇಶಕ್ಕಾಗಿ ಪ್ರಾಣ ಕೊಡುವ ಆದರ್ಶ ಮುಸ್ಲಿಮನಿದ್ದರೂ ಬಹುಶಃ ಬಿಡುತ್ತಿದ್ದರು. ಸಾಲ, ಜಗಳ, ಮಗಳ ಹಟ ಇಷ್ಟನ್ನೇ ಇಟ್ಟುಕೊಂಡ ಮಾಮೂಲಿ ಮನುಷ್ಯನನ್ನು ಎಲ್ಲಿ ಕೂರಿಸಬೇಕೆಂದು ರಾಷ್ಟ್ರವಾದದ ಈ ಬಗೆಗೆ ಗೊತ್ತಾಗುವುದಿಲ್ಲ.

ಈಗ ಜಿಲ್ಲಾ ಕೇಂದ್ರಕ್ಕೆ ಬರೋಣ. ಆನವಟ್ಟಿಯ ಘಟನೆಯಾಗಿ ಆರು ವಾರಕ್ಕೆ, 2022ರ ಆಗಸ್ಟ್ 15ರಂದು, ಶಿವಮೊಗ್ಗದ ಅಮೀರ್ ಅಹ್ಮದ್ ವೃತ್ತದಲ್ಲಿ ಸಾವರ್ಕರ್ ಚಿತ್ರದ ಫ್ಲೆಕ್ಸ್ ವಿಚಾರವಾಗಿ ಎರಡು ಗುಂಪುಗಳ ನಡುವೆ ಗಲಾಟೆಯಾಯಿತು. ಯುವಕನೊಬ್ಬನಿಗೆ ಚಾಕು ಇರಿತವಾಯಿತು. ನಿಷೇಧಾಜ್ಞೆ ಬಂತು, ಮರುದಿನ ಶಿವಮೊಗ್ಗ ನಗರ ಮತ್ತು ಭದ್ರಾವತಿಯ ಶಾಲಾ ಕಾಲೇಜುಗಳಿಗೆ ರಜೆ. ಅದೇ ವರ್ಷ ಫೆಬ್ರವರಿಯಲ್ಲಿ, ಹಿಜಾಬ್ ವಿವಾದದ ನಡುವೆ, ನಗರದ ಸರ್ಕಾರಿ ಕಾಲೇಜಿನ ಧ್ವಜಸ್ತಂಭಕ್ಕೆ ಕೇಸರಿ ಬಾವುಟ ಏರಿತ್ತು. ತ್ರಿವರ್ಣ ಧ್ವಜ ಇಳಿಸಿದರೆಂದು ಗುಲ್ಲಾಯಿತು. ಆಗ ಕಂಬದಲ್ಲಿ ರಾಷ್ಟ್ರಧ್ವಜ ಇರಲೇ ಇಲ್ಲ ಎಂದು ಪೊಲೀಸರು ಹೇಳಿದರು. ಖಾಲಿ ಕಂಬ ಎಂಬ ಈ ವಿವರ ನನಗೆ ಮುಖ್ಯ. ಸಾರ್ವಜನಿಕ ಜಾಗ ಖಾಲಿ ಬಿದ್ದಿದೆ, ಮೊದಲು ಬಂದವರು ತುಂಬುತ್ತಾರೆ.

ಫ್ಲೆಕ್ಸನ್ನು ಕಲಾವಿಮರ್ಶೆಯ ವಸ್ತು ಎಂದು ಯಾರೂ ಭಾವಿಸುವುದಿಲ್ಲ. ಭಾವಿಸಬೇಕು. ನಮ್ಮ ಊರುಗಳಲ್ಲಿ ದಿನವೂ ಅತಿ ಹೆಚ್ಚು ಜನ ನೋಡುವ ಚಿತ್ರ ಅದೇ. ಅದಕ್ಕೊಂದು ವ್ಯಾಕರಣವಿದೆ: ನಡುವೆ ಮಹಾಪುರುಷನ ದೊಡ್ಡ ಮುಖ, ಮೇಲೆ ನಾಯಕರ ಸಣ್ಣ ಮುಖಗಳು, ಕೆಳಗೆ ಶುಭ ಕೋರುವವರ ಸಾಲು ಸಾಲು ಪಾಸ್‌ಪೋರ್ಟ್ ಫೋಟೋ. ಮುಖದ ಅಳತೆಯೇ ಅಂತಸ್ತು. ಬೀದಿಯಲ್ಲಿ ತರಕಾರಿ ಮಾರುವ ಹುಡುಗನಿಗೂ ಊರಿನ ನಡುವೆ ತನ್ನ ಮುಖ ಕಾಣುವ ಅವಕಾಶ ಅದರ ಕೊನೆಯ ಸಾಲಿನಲ್ಲಿ ಮಾತ್ರ ಸಿಗುತ್ತದೆ. ಅವನು ಆ ಸಾಲು ಸೇರುವುದು ಸಿದ್ಧಾಂತಕ್ಕಾಗಿಯೇ ಎಂದುಕೊಂಡರೆ ನಾವು ಪುಸ್ತಕದ ಹುಳುಗಳು ಎಂದೇ ಅರ್ಥ. ಈ ಆಸೆಗೆ ಉತ್ತರ ಕೊಡುವ ಯಾವ ಕಲೆಯೂ ಇಂದು ಪ್ರಗತಿಪರರ ಕೈಯಲ್ಲಿಲ್ಲ.

ಒಂದು ಕಾಲದಲ್ಲಿ ಇತ್ತು. ಶಿವಮೊಗ್ಗದಿಂದ 20 ಕಿಲೋಮೀಟರ್ ಆಚೆಯ ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳಿಗಾಗಿ ತಮಿಳರು, ತೆಲುಗರು, ಮಲಯಾಳಿಗಳು, ಮುಸ್ಲಿಮರು ಬಂದು ನೆಲೆಸಿದ್ದ ಊರದು. ಸಮಿತಿಯ ಸಭೆಗಳಲ್ಲಿ ಭಾಷಣಕ್ಕೆ ಮೊದಲು ಹಾಡು. ಸಿದ್ಧಲಿಂಗಯ್ಯನವರ ಹಾಡುಗಳನ್ನು ಹಾಡಲು ಓದು ಬರಹ ಬೇಕಿರಲಿಲ್ಲ, ದನಿ ಸಾಕಿತ್ತು. 47ರ ಸ್ವಾತಂತ್ರ್ಯ ಯಾರ ಪಾಲಾಯಿತು ಎಂಬ ಪ್ರಶ್ನೆಯನ್ನು, ಅಂದರೆ ರಾಷ್ಟ್ರ ಎಂಬುದನ್ನೇ ಬುಡದಿಂದ ಕೇಳುವ ಪ್ರಶ್ನೆಯನ್ನು, ಸಾವಿರಾರು ಜನ ನಡುಬೀದಿಯಲ್ಲಿ ಹಾಡಾಗಿ ಕೇಳಿದರು. ಕೊನೆಯ ಸಾಲಿನ ಹುಡುಗನಿಗೆ ಅಲ್ಲಿ ಪಲ್ಲವಿ ಸಿಕ್ಕಿತ್ತು. ಅದೇ ಕಾಲದಲ್ಲಿ, 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ಹತ್ಯಾಕಾಂಡದ ಮೇಲೆ ‘ಸಮುದಾಯ’ ತಂಡ ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ‘ಬೆಲ್ಚಿ’ ಬೀದಿನಾಟಕ ಕಟ್ಟಿತು. 1979ರ ಸಾಂಸ್ಕೃತಿಕ ಜಾಥಾ ಬೀದಿನಾಟಕವನ್ನು ನಾಡಿನ ಊರೂರಿಗೆ ಮುಟ್ಟಿಸಿತು.

ಆಮೇಲೆ ನಾವು ಸಭಾಂಗಣದೊಳಕ್ಕೆ ಸರಿದೆವು. ಬೆಳಕು, ಧ್ವನಿ, ಅಭಿನಯ ಎಲ್ಲ ಮೇಲಾದವು, ಬೀದಿ ಫ್ಲೆಕ್ಸಿಗೆ ಉಳಿಯಿತು. ಹಾಗಾದರೆ ಮತ್ತೆ ತಮಟೆ ಹಿಡಿದು ಬೀದಿಗಿಳಿಯೋಣ ಎನ್ನುವ ಗೆಳೆಯರಿದ್ದಾರೆ. ನನಗೆ ಅರ್ಧ ಮಾತ್ರ ಒಪ್ಪಿಗೆ. ಬೀದಿನಾಟಕದ ಬಲವೆಲ್ಲ ದಾರಿಹೋಕನನ್ನು ತಟ್ಟನೆ ಹಿಡಿದು ನಿಲ್ಲಿಸುವುದರಲ್ಲಿತ್ತು. ಇವತ್ತು ಗೋಪಿ ವೃತ್ತದಲ್ಲಿ ತಮಟೆ ಸದ್ದಾದರೆ ಇದು ಯಾರ ಪರ ಎಂಬುದು ಎರಡೇ ಕ್ಷಣದಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಒಪ್ಪುವವರು ನಿಲ್ಲುತ್ತಾರೆ, ಉಳಿದವರು ಬಸ್ ಹತ್ತುತ್ತಾರೆ. ಆದರೆ ಸಭಾಂಗಣದ ನಾಟಕಕ್ಕೂ ಇದೇ ಕಾಯಿಲೆ. ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ನಾನು ನೋಡುವ ಮುಖಗಳು ಬಹುಮಟ್ಟಿಗೆ ಹಿಂದಿನ ಸಲ ನೋಡಿದವೇ, ನನ್ನದೂ ಸೇರಿ.

ರಂಗಬೆಳಕು ತಂಡದವರು ಆನವಟ್ಟಿಗೆ ಹೋದದ್ದನ್ನು ನಾನು ದೊಡ್ಡದು ಎನ್ನುವುದು ಈ ಕಾರಣಕ್ಕೆ. ಅದು ಬೀದಿಯೂ ಅಲ್ಲ, ರಂಗಮಂದಿರವೂ ಅಲ್ಲ. ಸಮುದಾಯ ಭವನ ಎಂದರೆ ಮದುವೆ, ನಾಮಕರಣ, ತಿಥಿಯೂಟಕ್ಕೆ ಹೋಗಿಬರುವ ಜಾಗ. ಅಲ್ಲಿ ಕುರ್ಚಿ ಎಳೆದುಕೊಂಡು ಕೂತವರೆಲ್ಲ ಮೊದಲೇ ನಮ್ಮ ಪರವಾಗಿರಬೇಕಿಲ್ಲ. ಅಂಥ ಕಡೆ ಕೆಲಸ ಮಾಡಬಲ್ಲದ್ದು ಬೀದಿನಾಟಕದ ಸಿಟ್ಟಲ್ಲ, ಮನೆವಾರ್ತೆಯ ಕಥೆ. ತಡೆಯಲು ಬಂದವರು ಜಾಗವನ್ನು ಸರಿಯಾಗಿಯೇ ಗುರುತಿಸಿದ್ದರು. ಅವರ ವಿಮರ್ಶಾಪ್ರಜ್ಞೆ ಎಷ್ಟೋ ಸಲ ನಮ್ಮದಕ್ಕಿಂತ ಚುರುಕು.

ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದವು. ಅನತೆವ್ಕಾದ ಕಥೆ ಮುಗಿಯುವುದು ಊರು ಬಿಡುವುದರಲ್ಲಿ. ಮೂರು ದಿನದೊಳಗೆ ಖಾಲಿ ಮಾಡಿ ಎಂಬ ಆದೇಶ ಬಂದಾಗ ಯಾವ ಪಾತ್ರೆ ಒಯ್ಯಬೇಕು, ಯಾವುದನ್ನು ಬಿಡಬೇಕು ಎಂಬ ಮಾತು ಶುರುವಾಗುತ್ತದೆ. ಆನವಟ್ಟಿಯ ಪ್ರೇಕ್ಷಕರಿಗೆ ಅಂದು ನಾಟಕದ ಕೊನೆ ನೋಡಲು ಆಗಲಿಲ್ಲ. ಮುಂದೊಮ್ಮೆ ಈ ನಾಟಕ ಆಡುವುದಾದರೆ ಭದ್ರಾವತಿಯ ಕಾರ್ಖಾನೆ ಕಾಲೊನಿಯ ಬಯಲಿನಲ್ಲಿ ಆಡಲಿ. ಕೆಲಸ ಹೋಗಿ ಕ್ವಾರ್ಟರ್ಸ್ ಖಾಲಿ ಮಾಡಿದ ಅಕ್ಕಪಕ್ಕದವರನ್ನು ಕಂಡ ಜನ ಅಲ್ಲಿದ್ದಾರೆ. ಅವರಿಗೆ ಈ ದೃಶ್ಯವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.